ಕೈಬರಹದ ಉತಾರದಿಂದ ಏಕ ದತ್ತಾಂಶ ಕೋಶದವರೆಗೆ: ಭೂದಾಖಲೆ ಅರ್ಜಿದಾರರ ಮಾಹಿತಿಗಾಗಿ

ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿ ಹಾಗೂ ನೆರೆಯ ಹಾನಗಲ್ಲ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಗ್ರಾಮಗಳಿಂದ ಪಹಣಿ, ವಾರಸಾ, ವಾಟ್ನಿ, ಪೋಡಿ ಮುಂತಾದ ಸೇವೆಗಳನ್ನು ಕೋರಿ ಬರುವ ಅರ್ಜಿದಾರರಲ್ಲಿ ಒಂದು ತಿಳಿವಳಿಕೆ ಸಾಮಾನ್ಯವಾಗಿದೆ. ‘ಎಲ್ಲ ದಾಖಲೆಗಳೂ ಗಣಕಯಂತ್ರಕ್ಕೆ ಬಂದಿವೆ, ಆದುದರಿಂದ ನಮ್ಮ ಉತಾರ ಸರಿಯಾಗಿಯೇ ಇರುತ್ತದೆ’ ಎಂಬುದೇ ಆ ತಿಳಿವಳಿಕೆ. ಇದರ ಮೊದಲ ಅರ್ಧ ನಿಜ. ಎರಡನೆಯ ಅರ್ಧವನ್ನು ನಂಬಿ ಕುಳಿತ ಕುಟುಂಬಗಳಿಗೆ ಬೆಳೆ ಸಾಲ, ಬೆಳೆ ವಿಮೆ, ಬೆಳೆಹಾನಿ ಪರಿಹಾರ ಬೇಕಾದ ವರ್ಷದಲ್ಲಿಯೇ ತೊಂದರೆ ಎದುರಾಗುತ್ತದೆ. ಹಳೆಯ ವ್ಯವಸ್ಥೆ ಏನಾಗಿತ್ತು, ಅದರ ಬದಲಿಗೆ ಬಂದುದು ಏನು, ಬದಲಾಗದೆ ಉಳಿದುದು ಯಾವುದು ಎಂಬುದನ್ನು ಅರ್ಜಿ ಸಲ್ಲಿಸುವ ಮುನ್ನ ತಿಳಿದುಕೊಳ್ಳುವುದು ಉಪಯುಕ್ತ.

ಹಳೆಯ ಪುಸ್ತಕಗಳು

ಈ ಭಾಗದ ಭೂದಾಖಲೆಗಳ ಮೂಲ ಮುಂಬಯಿ ಆಡಳಿತದಲ್ಲಿದೆ. 1840ರ ದಶಕದಲ್ಲಿ ದಕ್ಷಿಣ ಮರಾಠಾ ಪ್ರಾಂತ್ಯದ ಮೋಜಣಿಯ ಹೊಣೆ ಹೊತ್ತಿದ್ದ ವಿಂಗೇಟ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ ಪದ್ಧತಿಯಂತೆ ಹೊಲಗಳನ್ನು ಅಳೆದು, ಬಾಂದು ಕಲ್ಲು ನೆಟ್ಟು, ಪ್ರತಿ ಹೊಲಕ್ಕೂ ಸರ್ವೆ ನಂಬರು ಮತ್ತು ಆಕಾರ ನಿಗದಿ ಮಾಡಲಾಯಿತು. ಇಂದಿಗೂ ಪಹಣಿಯ ಮೊದಲ ಅಂಕಣದಲ್ಲಿರುವ ಸರ್ವೆ ನಂಬರು ಬಹುಮಟ್ಟಿಗೆ ಅದೇ ಮೋಜಣಿಯ ಸಂತತಿ. ಆದರೆ ಆ ಮೋಜಣಿಯ ಉದ್ದೇಶ ಕಂದಾಯ ನಿರ್ಧಾರವೇ ಹೊರತು ಒಡೆತನದ ನಿರ್ಣಯವಲ್ಲ. ಯಾರ ಹಕ್ಕು ಎಷ್ಟು ಎಂದು ಬರೆದಿಡುವ ಹಕ್ಕುದಾಖಲೆಯ ಪದ್ಧತಿ ಮುಂಬಯಿ ಪ್ರಾಂತ್ಯದಲ್ಲಿ 1903ರ ಕಾಯ್ದೆಯಿಂದ ಬಂದಿತು. ಸವಣೂರು ಮಾತ್ರ ನವಾಬರ ಸಂಸ್ಥಾನವಾಗಿದ್ದು, 1948ರಲ್ಲಿ ಮುಂಬಯಿ ಪ್ರಾಂತ್ಯದೊಡನೆ ವಿಲೀನವಾಯಿತು.

ಪುಸ್ತಕ ಬರೆಯುತ್ತಿದ್ದವರು ವಂಶಪಾರಂಪರ್ಯ ಕುಲಕರ್ಣಿಗಳು. 1950ರ ಕಾಯ್ದೆಯಿಂದ ಕುಲಕರ್ಣಿ ವತನಗಳು ರದ್ದಾದ ನಂತರ ಆ ಕೆಲಸ ಸಂಬಳದ ತಲಾಠಿಗಳಿಗೆ ಬಂದಿತು. ಕರ್ನಾಟಕ ಭೂಕಂದಾಯ ಕಾಯ್ದೆ 1964ರ ಅಡಿಯಲ್ಲಿ ಅವರು ಗ್ರಾಮ ಲೆಕ್ಕಿಗರಾದರು; ಈಗ ಗ್ರಾಮ ಆಡಳಿತ ಅಧಿಕಾರಿ ಎಂಬುದು ಪದನಾಮ. ಊರಿನ ಹಿರಿಯರು ಇಂದಿಗೂ ತಲಾಠಿ ಎಂದೇ ಕರೆಯುವರು. ಅರ್ಜಿಯಲ್ಲಿ ಹಾಗೆ ಬರೆದರೂ ಕಛೇರಿಯವರಿಗೆ ಅರ್ಥವಾಗುತ್ತದೆ.

ಕೈಬರಹದ ಪದ್ಧತಿಯ ದೋಷ ಬರೆಯುವವರ ಅಕ್ಷರದಲ್ಲಿ ಇರಲಿಲ್ಲ. ಹಲವು ಗ್ರಾಮ ಲೆಕ್ಕಿಗರು ಮುತ್ತಿನಂತೆ ಬರೆಯುತ್ತಿದ್ದರು. ದೋಷವಿದ್ದುದು ಪುಸ್ತಕ ಒಬ್ಬರ ವಶದಲ್ಲಿಯೇ ಇರುವುದರಲ್ಲಿ. ರಾಜ್ಯದಲ್ಲಿ ಸುಮಾರು 9000 ಗ್ರಾಮ ಲೆಕ್ಕಿಗರು ತಮ್ಮ ತಮ್ಮ ವೃತ್ತದ ಪಹಣಿ ಪುಸ್ತಕಗಳನ್ನು ಇಟ್ಟುಕೊಂಡಿದ್ದರು. ಅವರು ಪ್ರವಾಸದಲ್ಲಿದ್ದರೆ ಉತಾರ ಸಿಗುತ್ತಿರಲಿಲ್ಲ. ಅವರು ಬರೆದುಕೊಟ್ಟುದು ಪುಸ್ತಕದಲ್ಲಿ ಇದ್ದುದೇ ಎಂದು ನೋಡಲು ರೈತನಿಗೆ ದಾರಿ ಇರಲಿಲ್ಲ. ಹಕ್ಕು ಬದಲಾವಣೆಯ ಅರ್ಜಿ ತಿಂಗಳುಗಟ್ಟಲೆ ಕುಳಿತರೆ, ಯಾರದು ಮೊದಲು ಬಂದಿತ್ತು, ಯಾರದು ಮೊದಲು ಮುಗಿಯಿತು ಎಂಬ ಲೆಕ್ಕವೂ ಹೊರಗೆ ಕಾಣುತ್ತಿರಲಿಲ್ಲ.

‘ಭೂಮಿ’ ಯೋಜನೆ

ಕೇಂದ್ರ ಸರ್ಕಾರವು 1988-89ರಲ್ಲಿಯೇ ಭೂದಾಖಲೆಗಳ ಗಣಕೀಕರಣ ಯೋಜನೆಯನ್ನು ಆರಂಭಿಸಿತ್ತು. ಮೊದಲ ಪ್ರಯತ್ನಗಳಿಂದ ಕಲಿಯಬೇಕಾದ ಪಾಠ ದೊಡ್ಡದು. ಪಹಣಿಗಳ ವಿವರವನ್ನು ಒಮ್ಮೆ ಗಣಕಯಂತ್ರಕ್ಕೆ ತುಂಬಲಾಯಿತು. ಆದರೆ ಗ್ರಾಮದಲ್ಲಿ ಕೈಬರಹದ ಪುಸ್ತಕವೂ ಮುಂದುವರಿಯಿತು. ಮರುದಿನದಿಂದ ಆಗುವ ಕ್ರಯ, ವಾರಸಾ, ವಾಟ್ನಿಗಳೆಲ್ಲ ಪುಸ್ತಕಕ್ಕೆ ಹೋದವು, ಗಣಕಯಂತ್ರಕ್ಕೆ ಬರಲಿಲ್ಲ. ಹೀಗೆ ತುಂಬಿಸಿದ ದತ್ತಾಂಶ ಬಹುಬೇಗ ಹಳಸಿತು. ಎರಡು ಪುಸ್ತಕಗಳಿದ್ದಲ್ಲಿ ಒಂದು ಸುಳ್ಳಾಗುವುದು ಸಹಜ.

ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ಸಿದ್ಧಪಡಿಸಿದ ತಂತ್ರಾಂಶದೊಡನೆ ಕಂದಾಯ ಇಲಾಖೆಯು ಜಾರಿಗೆ ತಂದ ‘ಭೂಮಿ’ ಯೋಜನೆ ಈ ಪಾಠವನ್ನು ಕಲಿತೇ ರೂಪುಗೊಂಡಿತು. 2002ರ ವೇಳೆಗೆ ಆಗಿನ 27 ಜಿಲ್ಲೆಗಳ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಗಿತ್ತು. ತಾಲ್ಲೂಕಿನಲ್ಲಿ ಗಣಕೀಕರಣ ಪೂರ್ಣಗೊಂಡಂತೆ ಅಲ್ಲಿ ಕೈಬರಹದ ಪಹಣಿಯ ಮಾನ್ಯತೆಯನ್ನು ರದ್ದುಪಡಿಸಲಾಯಿತು. ಯೋಜನೆಯ ಯಶಸ್ಸಿಗೆ ತಂತ್ರಜ್ಞಾನಕ್ಕಿಂತ ಈ ಆದೇಶವೇ ಹೆಚ್ಚು ಕಾರಣವೆಂದು ಹೇಳಬೇಕು. ಹಳೆಯ ಪುಸ್ತಕ ಮುಚ್ಚಿದ ಮೇಲೆ ಪ್ರತಿಯೊಂದು ಬದಲಾವಣೆಯೂ ತಂತ್ರಾಂಶದ ಮೂಲಕವೇ ಹೋಗಬೇಕಾಯಿತು.

ತಾಲ್ಲೂಕು ಕಛೇರಿಯ ಕಿಯೋಸ್ಕಿನಲ್ಲಿ ಆರಂಭದಲ್ಲಿ 15 ರೂಪಾಯಿಗೆ ಪಹಣಿ ದೊರೆಯುತ್ತಿತ್ತು. ಅರ್ಜಿದಾರರ ಕಡೆಗೆ ತಿರುಗಿಸಿದ ಎರಡನೆಯ ಪರದೆಯೊಂದನ್ನು ಇಡಲಾಗಿತ್ತು. ಒಳಗೆ ಕುಳಿತವರಿಗೆ ಕಾಣುವುದು ಹೊರಗೆ ನಿಂತವರಿಗೂ ಕಾಣಬೇಕು ಎಂಬುದು ಉದ್ದೇಶ. ಸಿಬ್ಬಂದಿಯು ಬೆರಳಚ್ಚು ನೀಡಿಯೇ ತಂತ್ರಾಂಶವನ್ನು ತೆರೆಯಬೇಕಾದುದರಿಂದ, ಯಾವ ನಮೂದನ್ನು ಯಾರು ಮಾಡಿದರು ಎಂಬುದು ಉಳಿಯುತ್ತದೆ. ಹಕ್ಕು ಬದಲಾವಣೆಯ ಅರ್ಜಿಗಳು ಬಂದ ಕ್ರಮದಲ್ಲಿಯೇ ಮುಂದೆ ಸಾಗುತ್ತವೆ.

ಆರಂಭದಲ್ಲಿ ಪ್ರತಿ ತಾಲ್ಲೂಕಿಗೂ ಪ್ರತ್ಯೇಕ ದತ್ತಾಂಶ ಕೋಶವಿತ್ತು. ಅವುಗಳನ್ನು ಮುಂದೆ ರಾಜ್ಯ ದತ್ತಾಂಶ ಕೇಂದ್ರಕ್ಕೆ ತಂದು ಒಂದುಗೂಡಿಸಲಾಯಿತು. ಇದರಿಂದ ಶಿಗ್ಗಾಂವಿಯ ಪಹಣಿಗಾಗಿ ಶಿಗ್ಗಾಂವಿಗೇ ಹೋಗಬೇಕಾದ ಅಗತ್ಯ ತಪ್ಪಿತು. ನಾಡಕಛೇರಿಯಲ್ಲಿ, ಗ್ರಾಮ ಒನ್ ಕೇಂದ್ರದಲ್ಲಿ, ಅಂತರಜಾಲದಲ್ಲಿಯೂ ಅದನ್ನು ಪಡೆಯಬಹುದು. ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶ ಮತ್ತು ಭೂಮಾಪನ ಇಲಾಖೆಯ ‘ಮೋಜಿಣಿ’ ತಂತ್ರಾಂಶಗಳನ್ನು ‘ಭೂಮಿ’ಯೊಡನೆ ಜೋಡಿಸಲಾಗಿದೆ. ಹಿಂದೆ ಉಪನೋಂದಣಾಧಿಕಾರಿ ಒಂದು ಪುಸ್ತಕ, ಭೂಮಾಪಕರು ಒಂದು ನಕ್ಷೆ, ತಲಾಠಿ ಒಂದು ಉತಾರ ಇಟ್ಟುಕೊಂಡು ಒಬ್ಬರನ್ನೊಬ್ಬರು ನೋಡದೆ ಕೆಲಸ ಮಾಡಬಹುದಿತ್ತು. ಈಗ ಕ್ರಯಪತ್ರ ನೋಂದಣಿಯಾದೊಡನೆ ಅದರ ಮಾಹಿತಿ ತಹಶೀಲ್ದಾರರ ಕಛೇರಿಗೆ ತಾನಾಗಿಯೇ ಬಂದು ಹಕ್ಕು ಬದಲಾವಣೆಯ ಪ್ರಕ್ರಿಯೆ ಆರಂಭವಾಗುತ್ತದೆ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವುದಾದರೆ 11ಇ ನಕ್ಷೆ ಇಲ್ಲದೆ ನೋಂದಣಿ ಆಗುವುದಿಲ್ಲ.

ಊರ ಗಾವಠಾಣಾದೊಳಗಿನ ಮನೆ, ಖುಲ್ಲಾ ಜಾಗಗಳು ಈ ಕೋಶದಲ್ಲಿ ಇಲ್ಲ. ಅವು ಗ್ರಾಮ ಪಂಚಾಯಿತಿಯ ‘ಇ-ಸ್ವತ್ತು’ ವ್ಯವಸ್ಥೆಗೆ ಸೇರಿದವು. ಆ ಕೆಲಸಕ್ಕಾಗಿ ತಾಲ್ಲೂಕು ಕಛೇರಿಯ ಸರದಿಯಲ್ಲಿ ನಿಲ್ಲಬೇಕಾಗಿಲ್ಲ.

ಗಣಕಯಂತ್ರ ಸರಿಪಡಿಸದೆ ಉಳಿದುದು

ಗಣಕೀಕರಣದಲ್ಲಿ ನಡೆದುದು ಪುಸ್ತಕದಲ್ಲಿ ಇದ್ದುದನ್ನು ಇದ್ದ ಹಾಗೆಯೇ ನಮೂದಿಸುವ ಕೆಲಸ. ಹೊಲಗಳನ್ನು ಹೊಸದಾಗಿ ಅಳೆಯಲಿಲ್ಲ. ಹಕ್ಕುದಾರರನ್ನು ಹೊಸದಾಗಿ ವಿಚಾರಿಸಲಿಲ್ಲ. ಪುಸ್ತಕದಲ್ಲಿ ಸತ್ತವರ ಹೆಸರಿದ್ದರೆ ಕೋಶಕ್ಕೂ ಸತ್ತವರ ಹೆಸರೇ ಬಂದಿತು. ಆಕಾರಬಂದಿನ ವಿಸ್ತೀರ್ಣಕ್ಕೂ ಪಹಣಿಯ ವಿಸ್ತೀರ್ಣಕ್ಕೂ ಕೆಲವು ಗುಂಟೆಗಳ ವ್ಯತ್ಯಾಸವಿದ್ದರೆ ಅದೂ ಬಂದಿತು. ಅದರ ಜೊತೆಗೆ, ಬರೆದುದನ್ನು ಓದಿ ನಮೂದಿಸುವಾಗ ಆದ ಕೆಲವು ಅಕ್ಷರದೋಷಗಳೂ ಸೇರಿಕೊಂಡವು.

ಇದರ ಪರಿಣಾಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಹಿರೇಬೆಂಡಿಗೇರಿಯ ಕುಟುಂಬವೊಂದಕ್ಕೆ 6 ಎಕರೆ 20 ಗುಂಟೆ ಹೊಲವಿದೆ ಎಂದುಕೊಳ್ಳೋಣ. ಉತಾರ ಅಜ್ಜನ ಹೆಸರಿನಲ್ಲಿದೆ. ಅಜ್ಜ ತೀರಿಕೊಂಡು ಎಷ್ಟೋ ವರ್ಷಗಳಾದವು, ಅಜ್ಜಿಯೂ ಇಲ್ಲ. ಮೂವರು ಗಂಡುಮಕ್ಕಳು ಊರ ಹಿರಿಯರ ಎದುರು ಒಡ್ಡು ಹಾಕಿಕೊಂಡು 2 ಎಕರೆ 7 ಗುಂಟೆ, 2 ಎಕರೆ 7 ಗುಂಟೆ, 2 ಎಕರೆ 6 ಗುಂಟೆಯಂತೆ ಉಳುತ್ತಿದ್ದಾರೆ. ಇಬ್ಬರು ಹೆಣ್ಣುಮಕ್ಕಳು, ಒಬ್ಬರನ್ನು ಹಾನಗಲ್ಲಿಗೆ, ಇನ್ನೊಬ್ಬರನ್ನು ಸವಣೂರಿಗೆ ಕೊಟ್ಟಿದೆ. ನಡುವಿನ ಮಗನೂ ಈಗ ಇಲ್ಲ. ಹೆಂಡತಿ ಎರಡು ಮಕ್ಕಳೊಡನೆ ಗೋವಿನಜೋಳ ಬಿತ್ತಿ ಜೀವನ ಸಾಗಿಸುತ್ತಿದ್ದಾರೆ. ಊರಿನಲ್ಲಿ ಯಾರಿಗೂ ಈ ಹೊಲಗಳ ಬಗ್ಗೆ ಸಂಶಯವಿಲ್ಲ, ತಕರಾರೂ ಇಲ್ಲ.

ಮಳೆ ಕೈಕೊಟ್ಟು ಬೆಳೆಹಾನಿ ಪರಿಹಾರ ಘೋಷಣೆಯಾದಾಗ ಹಣವು ರೈತರ ನೋಂದಣಿಯ ‘ಫ್ರೂಟ್ಸ್’ ದತ್ತಾಂಶದ ಆಧಾರದ ಮೇಲೆ ನೇರವಾಗಿ ಬ್ಯಾಂಕ್ ಖಾತೆಗೆ ಹೋಗುತ್ತದೆ. ಆ ನೋಂದಣಿಗೆ ಪಹಣಿಯ ಹೆಸರು ಬೇಕು. ಪಹಣಿಯಲ್ಲಿರುವ ಅಜ್ಜನಿಗೆ ಆಧಾರ್ ಇಲ್ಲ, ಬ್ಯಾಂಕ್ ಖಾತೆ ಇಲ್ಲ. ಆ ತಾಯಿಯ ಹೊಲ ಒಣಗಿರುವುದು ಎಲ್ಲರಿಗೂ ಕಾಣುತ್ತದೆ. ದತ್ತಾಂಶ ಕೋಶಕ್ಕೆ ಅವರೇ ಕಾಣುವುದಿಲ್ಲ. ತಲಾಠಿಯು ಊರಿನವರನ್ನೆಲ್ಲ ಬಲ್ಲ ಕಾಲದಲ್ಲಿ ಇಂತಹ ಕೊರತೆಯನ್ನು ಬಾಯಿಮಾತಿನ ಮೇಲೆ ತುಂಬಿಕೊಳ್ಳಲು ಆಗುತ್ತಿತ್ತು. ಈಗಿನ ವ್ಯವಸ್ಥೆಯಲ್ಲಿ ಆ ಅವಕಾಶವಿಲ್ಲ. ವ್ಯವಸ್ಥೆ ನಿಖರವಾದಷ್ಟೂ ಹಳೆಯ ನಮೂದಿನ ತಪ್ಪು ಹೆಚ್ಚು ದುಬಾರಿಯಾಗುತ್ತದೆ.

ವಾರಸಾ

ಹಿಡುವಳಿದಾರರು ಮರಣ ಹೊಂದಿದಾಗ ಉತ್ತರಾಧಿಕಾರದಿಂದ ಬಂದ ಹಕ್ಕನ್ನು ಮೂರು ತಿಂಗಳೊಳಗೆ ವರದಿ ಮಾಡಬೇಕೆಂದು ಭೂಕಂದಾಯ ಕಾಯ್ದೆಯ 128ನೇ ಪ್ರಕರಣ ಹೇಳುತ್ತದೆ. ತಡವಾದರೆ ಹಕ್ಕು ಹೋಗುವುದಿಲ್ಲ. ಆದರೆ ಪ್ರತಿ ತಲೆಮಾರಿಗೆ ವಾರಸುದಾರರ ಸಂಖ್ಯೆ ಬೆಳೆದು, ಸಹಿ ಹಾಕಬೇಕಾದವರು ಊರೂರಿಗೆ ಹಂಚಿಹೋಗುತ್ತಾರೆ. ಮರಣ ಪ್ರಮಾಣಪತ್ರ, ವಂಶಾವಳಿ, ಚಾಲ್ತಿ ಪಹಣಿ, ವಾರಸುದಾರರ ಗುರುತಿನ ದಾಖಲೆ, ಇಷ್ಟು ಅವಶ್ಯ. ಮರಣವೇ ನೋಂದಣಿಯಾಗಿರದಿದ್ದರೆ ಮೊದಲು ಅದನ್ನು ಮಾಡಿಸಬೇಕು. ಒಂದು ವರ್ಷ ಮೀರಿದ್ದಲ್ಲಿ ದಂಡಾಧಿಕಾರಿಗಳ ಆದೇಶ ಬೇಕಾಗುತ್ತದೆ. ವಾರಸಾ ಅರ್ಜಿಗಳು ನಿಂತುಹೋಗುವುದಕ್ಕೆ ಬಹಳಷ್ಟು ಸಲ ಇದೇ ಕಾರಣ. ಸತ್ತವರ ಹೆಸರಿನ ಖಾತೆಗಳನ್ನು ವಾರಸುದಾರರಿಗೆ ವರ್ಗಾಯಿಸುವ ಸಲುವಾಗಿ 2025ರಲ್ಲಿ ‘ಇ-ಪೌತಿ’ ಆಂದೋಲನ ಆರಂಭಿಸಲಾಗಿದ್ದು, ಗ್ರಾಮ ಆಡಳಿತ ಅಧಿಕಾರಿಗಳೇ ಗ್ರಾಮಗಳಿಗೆ ಬಂದು ವಿವರ ಪಡೆಯುವ ಕ್ರಮವಿದೆ.

ವಂಶಾವಳಿಯಲ್ಲಿ ಹೆಣ್ಣುಮಕ್ಕಳ ಹೆಸರು ಬಿಡುವ ರೂಢಿಯ ಬಗ್ಗೆ ಸ್ಪಷ್ಟವಾಗಿ ಹೇಳುವುದು ಅಗತ್ಯ. ಕರ್ನಾಟಕದಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಂದ ತಿದ್ದುಪಡಿಯು 1994ರ ಜುಲೈ 30ರಿಂದ ಜಾರಿಗೆ ಬಂದು, ಅಂದಿಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ನೀಡಿತು. 2005ರ ಕೇಂದ್ರ ತಿದ್ದುಪಡಿಯು ಮದುವೆಯ ಭೇದವನ್ನೂ ತೆಗೆದುಹಾಕಿತು. ಮೇಲಿನ ಉದಾಹರಣೆಯಲ್ಲಿ ಹೊಲವು ಅಜ್ಜನ ಸ್ವಯಾರ್ಜಿತವೇ ಆಗಿದ್ದು ಮೃತ್ಯುಪತ್ರ ಇಲ್ಲದಿದ್ದರೆ ಪಾಲು ಮೂರಲ್ಲ, ಐದು. ಪ್ರತಿ ಪಾಲಿಗೆ 1 ಎಕರೆ 12 ಗುಂಟೆ. ನಡುವಿನ ಮಗನ ಪಾಲು ಆತನ ಹೆಂಡತಿ, ಮಕ್ಕಳು ಮುಂತಾದ ವಾರಸುದಾರರದು. ಸಹೋದರಿಯರು ‘ನಮಗೆ ಬೇಡ’ ಎಂದು ಮನಃಪೂರ್ವಕವಾಗಿ ಹೇಳಿದರೂ ಆ ಮಾತನ್ನು ಪಹಣಿಯಲ್ಲಿ ಬರೆಯಲಾಗದು. ನೋಂದಾಯಿತ ಹಕ್ಕು ಬಿಡುಗಡೆ ಪತ್ರವಾಗಬೇಕು. ಅವರನ್ನು ಮರೆಮಾಡಿ ಮಾಡಿಸಿದ ವಾರಸಾ ನಮೂದು ಮುಂದೆ ಎಂದಾದರೂ ಪ್ರಶ್ನೆಗೆ ಒಳಗಾಗುತ್ತದೆ. ಆ ಪ್ರಶ್ನೆ ಏಳುವುದು ಸಾಮಾನ್ಯವಾಗಿ ಹೊಲವನ್ನು ಮಾರುವಾಗ ಅಥವಾ ಭೂಸ್ವಾಧೀನದ ಪರಿಹಾರ ಬಂದಾಗ.

ವಾರಸಾ ಆದರೆ ಎಲ್ಲರ ಹೆಸರೂ ಜಂಟಿಯಾಗಿ ಬರುತ್ತದೆಯೇ ಹೊರತು ಹೊಲ ಪಾಲಾಗುವುದಿಲ್ಲ. ಪ್ರತ್ಯೇಕ ಪಹಣಿ ಬೇಕಾದರೆ 11ಇ ನಕ್ಷೆ ಮಾಡಿಸಿ, ವಾಟ್ನಿ ಪತ್ರ ನೋಂದಾಯಿಸಿ, ಹಿಸ್ಸಾ ಪೋಡಿ ಮಾಡಿಸಿಕೊಳ್ಳಬೇಕು. ಭೂಮಾಪಕರು ಅಳತೆಗೆ ಬರುವ ದಿನ ಪಾಲುದಾರರೆಲ್ಲರೂ, ಸಾಧ್ಯವಾದರೆ ಅಕ್ಕಪಕ್ಕದ ಹೊಲದವರೂ ಹಾಜರಿರುವುದು ಒಳ್ಳೆಯದು. ಒಡ್ಡು ಇರುವ ಜಾಗ ಮತ್ತು ನಕ್ಷೆಯ ಗೆರೆ ಒಂದೇ ಆಗಿರದಿದ್ದರೆ ಅದು ಅಂದೇ ತಿಳಿಯುತ್ತದೆ.

ಪಹಣಿಯಲ್ಲಿ ಯಾವುದನ್ನು ನೋಡಬೇಕು

ಪಹಣಿಯನ್ನು ಪಡೆದು, ಮಡಚಿ ಚೀಲದಲ್ಲಿಟ್ಟುಕೊಂಡು ಹೋಗುವವರೇ ಹೆಚ್ಚು. ಎಲ್ಲ ಅಂಕಣಗಳನ್ನೂ ಓದಬೇಕಾಗಿಲ್ಲ. ಮೂರನೆಯದು, 9ರಿಂದ 12ರವರೆಗಿನವು ಸಾಕು. 3ನೇ ಅಂಕಣದಲ್ಲಿ ಒಟ್ಟು ವಿಸ್ತೀರ್ಣ, ಖರಾಬು, ಉಳಿಕೆ ಇರುತ್ತವೆ. 9ರಲ್ಲಿ ಸ್ವಾಧೀನದಾರರ ಹೆಸರು, ವಿಸ್ತೀರ್ಣ ಮತ್ತು ಖಾತೆ ಸಂಖ್ಯೆ. 10ರಲ್ಲಿ ಆ ಹಕ್ಕು ಹೇಗೆ ಬಂದಿತು ಎಂಬ ವಿವರ. ಈ ಭಾಗದಲ್ಲಿ ‘ಡೈರಿ’ ಎಂದು ಕರೆಯುವ ಹಕ್ಕು ಬದಲಾವಣೆ ನಮೂದಿನ ಸಂಖ್ಯೆ ಇಲ್ಲಿಯೇ ಇರುತ್ತದೆ. ಹಳೆಯ ದಾಖಲೆ ಹುಡುಕಲು ಈ ಸಂಖ್ಯೆಯೇ ಕೀಲಿಕೈ.

11ನೇ ಅಂಕಣ ಇತರೆ ಹಕ್ಕುಗಳು ಮತ್ತು ಋಣಗಳದು, ಅಂದರೆ ಬೋಜಾ. ಸೊಸಾಯಿಟಿ ಅಥವಾ ಬ್ಯಾಂಕಿನ ಸಾಲ ತೀರಿಸಿದ ಮಾತ್ರಕ್ಕೆ ಬೋಜಾ ಇಳಿದಿದೆ ಎಂದು ತಿಳಿಯಬಾರದು. ತೀರುವಳಿಯ ನಂತರ ಹೊಸ ಪಹಣಿ ತೆಗೆದು ನೋಡಿ, ನಮೂದು ಹಾಗೆಯೇ ಇದ್ದಲ್ಲಿ ಬ್ಯಾಂಕಿನಿಂದ ಸಾಲ ತೀರಿದ ಪತ್ರ ಪಡೆದು ಕಡಿಮೆ ಮಾಡಿಸಿಕೊಳ್ಳಬೇಕು. 12ನೇ ಅಂಕಣದ ಬೆಳೆ ವಿವರವು ಈಗ ಬೆಳೆ ಸಮೀಕ್ಷೆಯ ಮೊಬೈಲ್ ಆ್ಯಪ್‌ನಿಂದ ಬರುತ್ತದೆ. ಹೊಲದಲ್ಲಿ ಶೇಂಗಾ ಇದ್ದು ಸಮೀಕ್ಷೆಯಲ್ಲಿ ಹತ್ತಿ ಎಂದು ದಾಖಲಾದರೆ ಬೆಳೆ ವಿಮೆಯ ಪ್ರಸ್ತಾವ ತಾಳೆಯಾಗುವುದಿಲ್ಲ. ಸಮೀಕ್ಷೆಯ ಅವಧಿಯಲ್ಲಿಯೇ ಇದನ್ನು ನೋಡಿ ಆಕ್ಷೇಪಣೆ ಸಲ್ಲಿಸಬೇಕು. ಬೆಳೆ ಕಟಾವಾದ ಮೇಲೆ ತೋರಿಸಲು ಏನೂ ಉಳಿದಿರುವುದಿಲ್ಲ.

ತಿದ್ದುಪಡಿ ಮತ್ತು ತಕರಾರು

ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಒಡೆತನ ಅಂತಿಮವಾಗಿ ಸಿದ್ಧವಾಗುವುದಿಲ್ಲ. 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಆರಂಭವಾದ ಟೊರೆನ್ಸ್ ಪದ್ಧತಿಯಲ್ಲಿ ಸರ್ಕಾರಿ ವಹಿಯ ನಮೂದೇ ಒಡೆತನಕ್ಕೆ ಖಾತರಿ. ನಮ್ಮ ಕಾಯ್ದೆಯ 133ನೇ ಪ್ರಕರಣದಂತೆ ನಮೂದನ್ನು, ಸುಳ್ಳೆಂದು ರುಜುವಾತಾಗುವವರೆಗೆ ನಿಜವೆಂದು ಭಾವಿಸಲಾಗುತ್ತದೆ, ಅಷ್ಟೇ. ಹಕ್ಕಿನ ಬಗ್ಗೆಯೇ ವಿವಾದವಿದ್ದರೆ ಅದನ್ನು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ. ಇದನ್ನು ತಹಶೀಲ್ದಾರರ ಕಛೇರಿಯಲ್ಲಿ ಕೇಳಿ ಬೇಸರಗೊಳ್ಳುವವರಿದ್ದಾರೆ. ಆದರೆ ಕಛೇರಿಗೆ ಇಲ್ಲದ ಅಧಿಕಾರವನ್ನು ಅರ್ಜಿಯಿಂದ ಸೃಷ್ಟಿಸಲಾಗದು.

ಅಕ್ಷರದೋಷ ಅಥವಾ ಗಣಕೀಕರಣದ ವೇಳೆ ತಪ್ಪಾದ ನಮೂದಾದರೆ ತಹಶೀಲ್ದಾರರಿಗೆ ತಿದ್ದುಪಡಿ ಅರ್ಜಿ ಸಲ್ಲಿಸಬಹುದು. ಕೈಬರಹದ ಪಹಣಿಯ ಪ್ರಮಾಣಿತ ನಕಲನ್ನು ದಾಖಲೆ ಕೊಠಡಿಯಿಂದ ಪಡೆದು ಲಗತ್ತಿಸಬೇಕು. ಮಾನ್ಯತೆ ಕಳೆದುಕೊಂಡ ಪುಸ್ತಕಕ್ಕೂ ಸಾಕ್ಷ್ಯವಾಗಿ ಬೆಲೆ ಇದೆ ಎಂಬುದನ್ನು ಇಲ್ಲಿ ಗಮನಿಸಬೇಕು. ತಾಲ್ಲೂಕು ಕಛೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಉಳಿಸುವ ‘ಭೂ ಸುರಕ್ಷಾ’ ಕಾರ್ಯ 2024ರಲ್ಲಿ ಆರಂಭವಾಯಿತು. ಹಕ್ಕು ಬದಲಾವಣೆಗೆ ಆಕ್ಷೇಪಣೆ ಇದ್ದವರು ನಮೂನೆ 21ರ ನೋಟಿಸಿನಲ್ಲಿ ಕಾಣಿಸಿದ ಅವಧಿಯೊಳಗೆ ಲಿಖಿತವಾಗಿ ಸಲ್ಲಿಸಬೇಕು. ಬಾಯಿಮಾತಿನ ಆಕ್ಷೇಪಣೆಯನ್ನು ತಂತ್ರಾಂಶ ಸ್ವೀಕರಿಸುವುದಿಲ್ಲ. ಆದೇಶ ಒಪ್ಪಿಗೆಯಾಗದಿದ್ದಲ್ಲಿ 136ನೇ ಪ್ರಕರಣದ ಅಡಿ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ, ಅದರ ಮೇಲೆ ಜಿಲ್ಲಾಧಿಕಾರಿಗಳಿಗೆ ಪುನರೀಕ್ಷಣೆ ಅರ್ಜಿ ಸಲ್ಲಿಸಬಹುದು.

ಹಳೆಯ ನಕಲು ಕೋರುವವರಿಗೆ

ದಾಖಲೆ ಕೊಠಡಿಗೆ ಅರ್ಜಿ ಬರೆಯುವಾಗ ಗ್ರಾಮದ ಹೆಸರಿನೊಂದಿಗೆ ಹಳೆಯ ತಾಲ್ಲೂಕಿನ ಹೆಸರನ್ನೂ ತಿಳಿಸಿದರೆ ಹುಡುಕಾಟ ಸುಲಭವಾಗುತ್ತದೆ. ಬ್ರಿಟಿಷ್ ಕಾಲದ ಕಾಗದಗಳಲ್ಲಿ ಈಗಿನ ಶಿಗ್ಗಾಂವಿ ತಾಲ್ಲೂಕು ಬಂಕಾಪುರವೆಂದೂ, ಹಿರೇಕೆರೂರು ಕೋಡ ಎಂದೂ, ಹಾವೇರಿ ಕರಜಗಿ ಎಂದೂ ಇರುತ್ತದೆ. ಜಿಲ್ಲೆ ಧಾರವಾಡ, ಹಾವೇರಿ ಜಿಲ್ಲೆ ರಚನೆಯಾದುದು 1997ರಲ್ಲಿ. 2018ರಲ್ಲಿ ರಟ್ಟೀಹಳ್ಳಿ ಪ್ರತ್ಯೇಕ ತಾಲ್ಲೂಕಾದುದರಿಂದ ಅಲ್ಲಿನ ಗ್ರಾಮಗಳ ಹಿಂದಿನ ಪಹಣಿಗಳಲ್ಲಿ ಹಿರೇಕೆರೂರು ಎಂದಿರುವುದು ತಪ್ಪಲ್ಲ; ಅದಕ್ಕೆ ತಿದ್ದುಪಡಿ ಕೋರುವ ಅಗತ್ಯವಿಲ್ಲ.

ಸಕಾಲ ಕಾಯ್ದೆಗೆ ಒಳಪಟ್ಟ ಸೇವೆಗಳಿಗೆ ಅರ್ಜಿ ಸಲ್ಲಿಸಿದೊಡನೆ ಸಂಖ್ಯೆಯುಳ್ಳ ಸ್ವೀಕೃತಿ ಕೇಳಿ ಪಡೆಯಬೇಕು. ನಿಗದಿತ ದಿನ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೋರಲು ಮತ್ತು ಮೇಲ್ಮನವಿ ಸಲ್ಲಿಸಲು ಆ ಸಂಖ್ಯೆ ಬೇಕು. ಹಕ್ಕು ಬದಲಾವಣೆ ಮುಗಿದ ದಿನ ಹೊಸ ಪಹಣಿಯೊಂದನ್ನು ತೆಗೆಸಿ, ಹೆಸರಿನ ಅಕ್ಷರಗಳನ್ನು ಆಧಾರ್ ಚೀಟಿಯೊಡನೆ ಸೇರಿಸಿ ಅಲ್ಲಿಯೇ ಓದಿ ನೋಡತಕ್ಕದ್ದು. ಓದಲು ಬಾರದವರು ಕೌಂಟರಿನ ಸಿಬ್ಬಂದಿಯಿಂದ ಓದಿಸಿ ಕೇಳಬಹುದು.